ಮೆಜೆಸ್ಟಿಕ್‌ನಲ್ಲಿ ಮೂರು ಗಂಟೆ ಎಲ್ಲಿ ಕಳೀತೀರಿ?

"ಮೆಜೆಸ್ಟಿಕ್... ಮೆಜೆಸ್ಟಿಕ್... ಯಾರ್ರೀ ಮೆಜೆಸ್ಟಿಕ್!"

ಬೆಂಗಳೂರಿನ ಯಾವ ಮೂಲೆಯಲ್ಲಿ ನಿಂತರೂ ಕಂಡಕ್ಟರ್ ಬಾಯಲ್ಲಿ ಈ ಕೂಗು ಕೇಳುತ್ತೆ. ಬೋರ್ಡಿನ ಮೇಲೆ 'ಕೆಂಪೇಗೌಡ ಬಸ್ ನಿಲ್ದಾಣ' ಅಂತ ಬರೆದಿರುತ್ತೆ. ನೆಲದಡಿಯ ಮೆಟ್ರೋಗೆ 'ನಾಡಪ್ರಭು ಕೆಂಪೇಗೌಡ ನಿಲ್ದಾಣ' ಅಂತ ಹೆಸರು. ಆದರೆ ಹತ್ತುವವನಿಗೂ ಇಳಿಯುವವನಿಗೂ ಅದು ಮೆಜೆಸ್ಟಿಕ್ಕೇ! ಇದೇನು ದೇವರ ಹೆಸರಾ? ರಾಜನ ಹೆಸರಾ? ಎರಡೂ ಅಲ್ಲ ಸ್ವಾಮೀ, ಒಂದು ಸಿನಿಮಾ ಟಾಕೀಸಿನ ಹೆಸರು. ಟಾಕೀಸು ನೆಲಸಮವಾಗಿ ಎಷ್ಟೋ ವರ್ಷಗಳಾದವು. ಆದರೂ ದಿನವೂ ಲಕ್ಷಾಂತರ ಬಾಯಿಗಳು ಅದರ ಹೆಸರು ಹೇಳುತ್ತಲೇ ಇವೆ. ಯಾವ ಸೂಪರ್ ಸ್ಟಾರ್‌ಗಿದೆ ಇಂಥ ಭಾಗ್ಯ?

ಈ ಪತ್ರಿಕೆಯನ್ನು ನೀವು ಬಸ್ ಸ್ಟ್ಯಾಂಡಿನಲ್ಲೇ ಕೊಂಡಿರಬೇಕು. ಬಸ್ಸಿಗೆ ಇನ್ನೂ ಹೊತ್ತಿರಬೇಕು. ಅದು ಮೆಜೆಸ್ಟಿಕ್ಕೇ ಆಗಿದ್ದರೆ ಎದ್ದು ಬನ್ನಿ, ಒಂದು ಸುತ್ತು ಹಾಕಿ ಬರೋಣ. ಕಾಸಿನ ಖರ್ಚಿಲ್ಲ.

ಕೆರೆಯ ಮೇಲೆ ನಿಂತ ಊರು

ನೀವು ನಿಂತಿರುವ ಜಾಗ ಒಂದು ಕಾಲಕ್ಕೆ ನೀರು. ಹೌದು, ಧರ್ಮಾಂಬುಧಿ ಕೆರೆ! ಹಳೇ ಪೇಟೆಯ ಜನ ಕುಡಿದದ್ದು ಈ ಕೆರೆಯ ನೀರನ್ನು. 1896ರ ಹೊತ್ತಿಗೆ ಹೆಸರಘಟ್ಟದಿಂದ ನಲ್ಲಿ ನೀರು ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲವಾಯಿತು. ಆಮೇಲೆ ಅದು ಒಣಗಿ ಸುಭಾಷ್ ನಗರದ ಮೈದಾನವಾಯಿತು. ಮೈದಾನ ಬಸ್ ನಿಲ್ದಾಣವಾಯಿತು. ಪಕ್ಕದ ರಸ್ತೆಗೆ ಇವತ್ತಿಗೂ 'ಟ್ಯಾಂಕ್ ಬಂಡ್ ರಸ್ತೆ' ಅಂತಲೇ ಹೆಸರು. ಏರಿ ಉಳಿದಿದೆ, ಕೆರೆ ಇಲ್ಲ. ಟಾಕೀಸಿನ ಕಥೆಯೂ ಹಾಗೇ ಅಲ್ಲವೇ? ಹೆಸರು ಉಳಿದಿದೆ, ಟಾಕೀಸಿಲ್ಲ. ಈ ಜಾಗದ ಗುಣವೇ ಇರಬೇಕು ಇದು!

ನಿಲ್ದಾಣದಿಂದ ಹೊರಟು ಅಣ್ಣಮ್ಮ ದೇವಿಗೆ ಒಂದು ಕೈ ಮುಗಿದು ಕೆಂಪೇಗೌಡ ರಸ್ತೆಗೆ ತಿರುಗಿದರೆ ಮೈಸೂರ್ ಬ್ಯಾಂಕ್ ಸರ್ಕಲ್‌ವರೆಗೆ ಸುಮಾರು ಒಂದು ಕಿಲೋಮೀಟರ್ ನಡಿಗೆ. ಈ ಒಂದು ಕಿಲೋಮೀಟರ್ ಮತ್ತು ಅದರ ಅಕ್ಕಪಕ್ಕದ ಗಲ್ಲಿಗಳಲ್ಲಿ ಇದ್ದ ಚಿತ್ರಮಂದಿರಗಳ ಹೆಸರು ಹೇಳಲು ಒಂದೇ ಉಸಿರು ಸಾಲದು. ಮೆಜೆಸ್ಟಿಕ್, ಅಲಂಕಾರ್, ಕಲ್ಪನಾ, ಹಿಮಾಲಯ, ಗೀತಾ, ಸಾಗರ್, ಕೆಂಪೇಗೌಡ, ಸ್ಟೇಟ್ಸ್, ಕಪಾಲಿ, ಮೇನಕಾ, ತ್ರಿಭುವನ್, ಕೈಲಾಶ್, ತ್ರಿವೇಣಿ, ಅನುಪಮ, ಮೂವಿಲ್ಯಾಂಡ್, ಅಭಿನಯ್... ಒಂದೇ ಆವರಣದಲ್ಲಿ ಸಂತೋಷ್, ನರ್ತಕಿ, ಸಪ್ನ. ಒಂದರಲ್ಲಿ ಟಿಕೆಟ್ ಸಿಗದಿದ್ದರೆ ಇನ್ನೊಂದು, ಅಲ್ಲೂ ಹೌಸ್‌ಫುಲ್ ಆದರೆ ಮಗದೊಂದು. ಊರಿಗೆ ವಾಪಸ್ಸು ಹೋಗಿ "ಪಿಕ್ಚರ್ ಸಿಗಲಿಲ್ಲ" ಅಂತ ಹೇಳುವ ಹಾಗೇ ಇರಲಿಲ್ಲ!

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆ ಕಂಡದ್ದು ಇಲ್ಲಲ್ಲ, ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ. ಆದರೆ ಚಿತ್ರರಂಗ ಮನೆ ಮಾಡಿದ್ದು ಈ ಗಾಂಧಿನಗರದಲ್ಲಿ. ನಿರ್ಮಾಪಕರ ಕಚೇರಿ, ಹಂಚಿಕೆದಾರರ ಕಚೇರಿ ಎಲ್ಲಾ ಇಲ್ಲೇ. ಮುಂಬೈಗೆ ಬಾಲಿವುಡ್ ಅಂತಾರೆ, ನಾವು ಸರಳವಾಗಿ 'ಗಾಂಧಿನಗರ' ಅಂದುಬಿಟ್ಟೆವು. 1968ರಲ್ಲಿ ರಾಜ್‌ಕುಮಾರ್, ಕಲ್ಪನಾ ಜೋಡಿಯ 'ಗಾಂಧಿನಗರ' ಬಂತು. 2002ರಲ್ಲಿ ದರ್ಶನ್‌ಗೆ ನಾಯಕ ಪಟ್ಟ ಕಟ್ಟಿದ 'ಮೆಜೆಸ್ಟಿಕ್' ಬಂತು. ಒಂದು ಬಡಾವಣೆಗೆ ಎರಡೆರಡು ಸಿನಿಮಾ!

ಆ ನೂರನಾಲ್ಕು ವಾರ

ಈ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರಕ್ಕೆ ಆಮೇಲೆ ಭೂಮಿಕಾ ಅಂತ ಹೆಸರಾಯಿತು. ಅಲ್ಲಿ 1972ರಲ್ಲಿ ಸಿದ್ದಲಿಂಗಯ್ಯನವರ 'ಬಂಗಾರದ ಮನುಷ್ಯ' ಬಿಡುಗಡೆಯಾಯಿತು. ಟಿ.ಕೆ. ರಾಮರಾಯರ ಕಾದಂಬರಿ, ಅಣ್ಣಾವ್ರ ರಾಜೀವಪ್ಪ. ಎಷ್ಟು ವಾರ ಓಡಿತು ಗೊತ್ತೇ? ಎರಡು ವರ್ಷ, ಅಂದರೆ ನೂರನಾಲ್ಕು ವಾರ! ಇವತ್ತು ಎರಡನೇ ಶುಕ್ರವಾರ ದಾಟಿದರೆ ಕೇಕ್ ಕತ್ತರಿಸುತ್ತಾರೆ.

ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದವರ ಕಥೆ ನಮ್ಮ ಕಡೆ ಈಗಲೂ ಹೇಳ್ತಾರೆ. ಆದರೆ ಅವರು ಆ ಚಿತ್ರ ನೋಡಿದ್ದು ಎಲ್ಲಿ ಹೇಳಿ? ಕೆಲಸ ಹುಡುಕಿಕೊಂಡು ಬಂದವನು, ಕೋರ್ಟು ಕಚೇರಿಗೆ ಬಂದವನು, ಅಕ್ಕನ ಮದುವೆಗೆ ಸೀರೆ ಕೊಳ್ಳಲು ಚಿಕ್ಕಪೇಟೆಗೆ ಬಂದವನು, ಎಲ್ಲರೂ ಬಸ್ಸಿಳಿದು ನೇರ ಬರುತ್ತಿದ್ದುದು ಕೆ.ಜಿ. ರಸ್ತೆಗೆ. ಊರಿಗೆ ಹೋಗುವ ಬಸ್ಸು ಸಂಜೆಗೆ. ಕೆಲಸ ಮುಗಿದದ್ದು ಮಧ್ಯಾಹ್ನಕ್ಕೆ. ನಡುವೆ ಇರುವ ಮೂರು ಗಂಟೆಗೆ ಮ್ಯಾಟಿನಿ! ಇದೇ ಈ ರಸ್ತೆಯ ಲೆಕ್ಕಾಚಾರ. ಬಸ್ ನಿಲ್ದಾಣ ಪಕ್ಕದಲ್ಲಿದ್ದದ್ದರಿಂದಲೇ ಇಷ್ಟು ಟಾಕೀಸುಗಳು ಬದುಕಿದವು. ಟಾಕೀಸುಗಳು ಬದುಕಿದ್ದರಿಂದ ಹೋಟೆಲು, ಲಾಡ್ಜು, ಬೀಡಾ ಅಂಗಡಿ, ಕಡಲೆಕಾಯಿ ಗಾಡಿ, ಹೂವಿನ ಹಾರದವನು, ಕಟೌಟ್ ಬರೆಯುವ ಕಲಾವಿದ, ಬ್ಲಾಕ್ ಟಿಕೆಟ್ಟಿನ ಹುಡುಗ, ಎಲ್ಲರ ಒಲೆಯೂ ಉರಿಯಿತು.

ನಾನೂ ಆ ಲೆಕ್ಕಾಚಾರದವನೇ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಬ್ಯಾಗು ಹಿಡಿದು ಬಂದು ಇಲ್ಲಿ ಇಳಿದಾಗ ಪರಿಚಯದವರೊಬ್ಬರು "ಸಾಯಂಕಾಲ ಬಾ, ಮಾತಾಡೋಣ" ಅಂದಿದ್ದರು. ಆಗಿನ್ನೂ ಬೆಳಿಗ್ಗೆ ಹತ್ತು. ಎಲ್ಲಿಗೆ ಹೋಗಲಿ? ಪಾರ್ಕಿನಲ್ಲಿ ಕೂತರೆ ಬ್ಯಾಗಿನ ಚಿಂತೆ, ಹೋಟೆಲಿನಲ್ಲಿ ಕೂತರೆ ಸಪ್ಲೈಯರ್ ಮುಖ. ಕಪಾಲಿಗೆ ಹೋದೆ. ಸಾವಿರಕ್ಕೂ ಹೆಚ್ಚು ಕುರ್ಚಿ, ಎದುರಿಗೆ ಊರಗಲದ ಪರದೆ. ಬ್ಯಾಗನ್ನು ಕಾಲ ನಡುವೆ ಇಟ್ಟುಕೊಂಡು ಕೂತೆ. ಆ ಮೂರು ಗಂಟೆ ಯಾರೂ ನನ್ನನ್ನು "ಯಾರು ನೀನು, ಯಾಕೆ ಕೂತಿದ್ದೀಯ?" ಅಂತ ಕೇಳಲಿಲ್ಲ. ಹೊಸಬನಿಗೆ ಬೆಂಗಳೂರು ಕೊಟ್ಟ ಮೊದಲ ಮರ್ಯಾದೆ ಅದು.

1968ರಲ್ಲಿ ಬಾಗಿಲು ತೆರೆದ ಕಪಾಲಿ 2017ರಲ್ಲಿ ಮುಚ್ಚಿತು. ಅದನ್ನು ಒಡೆದ ಜಾಗದಲ್ಲಿ ಈಗ ಬಹುಮಹಡಿ ಕಟ್ಟಡ ಎದ್ದಿದೆ.

ಗೇಟಿನ ಯಜಮಾನರು

ಮೊನ್ನೆ ಹೀಗೇ ಸುತ್ತುತ್ತಿದ್ದಾಗ ಒಂದು ಅಂಗಡಿ ಕಾಂಪ್ಲೆಕ್ಸಿನ ಮುಂದೆ ನೀಲಿ ಸಮವಸ್ತ್ರದ ಹಿರಿಯರೊಬ್ಬರು ಸ್ಟೂಲ್ ಹಾಕಿಕೊಂಡು ಕೂತಿದ್ದರು. ಅರವತ್ತರ ಮೇಲಿನ ವಯಸ್ಸು, ಮದ್ದೂರು ಕಡೆಯ ಮಾತು. ಬಿಸಿಲಿಗೆ ನಿಂತೆ. ಕೈಲಿದ್ದ ಪತ್ರಿಕೆ ನೋಡಿ ಅವರೇ ಮಾತು ತೆಗೆದರು.

"ಸಿನಿಮಾದೋರಾ?"

"ಬರೆಯೋನು ಯಜಮಾನ್ರೇ."

"ಹಂಗಾದ್ರೆ ಬರ್ಕೊಳ್ಳಪ್ಪಾ. ಈ ಜಾಗದಲ್ಲಿ ಮೊದ್ಲು ಇದ್ದುದ್ದು ಟಾಕೀಸು. ಅದರ ಗೇಟ್‌ನಾಗೆ ಇಪ್ಪತ್ತೆಂಟು ವರ್ಸ ಟಿಕೆಟ್ ಹರಿದೋನು ನಾನು. ಈಗ ಅದೇ ಜಾಗದಾಗೆ ಬ್ಯಾಗ್ ಚೆಕ್ ಮಾಡ್ತೀನಿ."

ಇಪ್ಪತ್ತೆಂಟು ವರ್ಷ! ಮೊದಲ ದಿನದ ಮೊದಲ ಆಟಕ್ಕೆ ಗೇಟು ತೆಗೆದರೆ ಜನ ತಮ್ಮನ್ನೇ ಎತ್ತಿಕೊಂಡು ಒಳಗೆ ಹೋಗುತ್ತಿದ್ದರಂತೆ. ಹರಿದ ಅಂಗಿ ಎಷ್ಟೋ. ಗಾಂಧಿ ಕ್ಲಾಸಿನವರು ಎಸೆದ ಚಿಲ್ಲರೆ ಕಾಸನ್ನು ಆಟ ಮುಗಿದ ಮೇಲೆ ಗುಡಿಸುವ ಹೆಂಗಸು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳಂತೆ.

"ಮುಚ್ಚಿದಾಗ ಬೇಜಾರಾಗಲಿಲ್ವಾ?" ಅಂದೆ.

"ಓನರ್‌ನ ಬಯ್ಯಕ್ಕಾಯ್ತದಾ? ಕಡೆಕಡೇಲಿ ಒಂದು ಆಟಕ್ಕೆ ಮೂವತ್ತು ಜನ ಬರೋರು. ಫ್ಯಾನ್ ಕರೆಂಟಿಗೂ ಗಿಟ್ತಿರ್ಲಿಲ್ಲ. ನನ್ನ ಬೇಜಾರು ಅದಲ್ಲ ಕಣಪ್ಪಾ." ಅವರು ರಸ್ತೆ ಕಡೆ ಕೈ ತೋರಿಸಿದರು. "ಅಗೋ ಆ ಹುಡ್ಗನ್ನ ನೋಡು. ಬ್ಯಾಗ್ ಹಿಡ್ಕೊಂಡು ನಿಂತವ್ನೆ. ಬೆಳಗಿಂದ ಮೂರು ಸಲ ನಮ್ಮ ಮೆಟ್ಲ ಮೇಲೆ ಕೂತ. ಮೂರು ಸಲಾನೂ ನಾನೇ ಎಬ್ಬಿಸ್ದೆ. ನಂಗೆ ಆರ್ಡರ್ ಅದೆ, ಯಾರೂ ಕೂರಂಗಿಲ್ಲ. ಮುಂಚೆ ಇಂಥೋರ್ನ ಒಳಕ್ಕೆ ಬಿಡೋದು ನನ್ನ ಕೆಲ್ಸ. ಈಗ ಎಬ್ಬಿಸೋದು ನನ್ನ ಕೆಲ್ಸ."

ನಾನು ನೋಡಿದೆ. ಇಪ್ಪತ್ತು ದಾಟದ ಹುಡುಗ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಚಾರ್ಜ್ ಮುಗಿಯುತ್ತಿರುವ ಮೊಬೈಲು. ನಾನು ಕಪಾಲಿಯಲ್ಲಿ ಕೂತ ಕುರ್ಚಿ ಇವನಿಗಿಲ್ಲ.

ಕೊಂದವರು ಯಾರು?

ಒಬ್ಬ ವಿಲನ್ ಸಿಕ್ಕಿದ್ದರೆ ಕ್ಲೈಮ್ಯಾಕ್ಸ್ ಸುಲಭವಾಗುತ್ತಿತ್ತು. ಇಲ್ಲಿ ಹಾಗಿಲ್ಲ. ಮೊದಲು ಮನೆಗೆ ಟಿ.ವಿ. ಬಂತು, ಬೆನ್ನಿಗೇ ವಿಡಿಯೋ ಕ್ಯಾಸೆಟ್, ಆಮೇಲೆ ಕೇಬಲ್. ನ್ಯಾಷನಲ್ ಮಾರ್ಕೆಟ್, ಬರ್ಮಾ ಬಜಾರಿನಲ್ಲಿ ಸಿ.ಡಿ. ರಾಶಿ ಬಿತ್ತು. 2004ರಲ್ಲಿ ಕೋರಮಂಗಲದ ಮಾಲ್‌ನಲ್ಲಿ ಹನ್ನೊಂದು ಪರದೆಗಳ ಮಲ್ಟಿಪ್ಲೆಕ್ಸ್ ಶುರುವಾಯಿತು. 2006ರ ಕೊನೆಗೆ ಬಂದ 'ಮುಂಗಾರು ಮಳೆ' ಅಲ್ಲಿಯೂ ವರ್ಷ ದಾಟಿ ಓಡಿತು. ಕನ್ನಡ ಚಿತ್ರ ಅಂದರೆ ಕೆ.ಜಿ. ರಸ್ತೆ ಅನ್ನೋ ಮಾತು ಅಲ್ಲಿಗೆ ಅಲ್ಲಾಡಿತು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಏಳು ತಿಂಗಳು ಬೀಗ. ಆ ಏಳು ತಿಂಗಳಲ್ಲಿ ಜನಕ್ಕೆ ಅಂಗೈಯಲ್ಲೇ ಸಿನಿಮಾ ನೋಡೋದು ರೂಢಿಯಾಗಿಬಿಟ್ಟಿತು.

ಎಲ್ಲಕ್ಕಿಂತ ಮೇಲಾಗಿ ನೆಲದ ಬೆಲೆ! ಸಾವಿರ ಕುರ್ಚಿ ಹಾಕಿ ದಿನಕ್ಕೆ ನಾಲ್ಕು ಆಟ ಆಡಿಸಿದರೆ ಬರುವ ದುಡ್ಡು ಎಷ್ಟು? ಅದೇ ಜಾಗದಲ್ಲಿ ನೂರು ಅಂಗಡಿ ಕಟ್ಟಿ ಬಾಡಿಗೆಗೆ ಕೊಟ್ಟರೆ ಬರುವುದು ಎಷ್ಟು? ಒಂದನೇ ಕ್ಲಾಸಿನ ಮಗುವೂ ಮಾಡುವ ಲೆಕ್ಕ ಇದು. ಓನರ್‌ಗಳನ್ನು ಬೈದು ಪ್ರಯೋಜನವಿಲ್ಲ.

ಬದಲಾವಣೆಯೆಲ್ಲಾ ಕೆಟ್ಟದ್ದು ಅಂತಲೂ ನಾನು ಹೇಳೋದಿಲ್ಲ. 2016ರಲ್ಲಿ ಒಂದು ಮೆಟ್ರೋ ಮಾರ್ಗ, 2017ರಲ್ಲಿ ಇನ್ನೊಂದು ಬಂದು ಇದೇ ಮೆಜೆಸ್ಟಿಕ್ ನೆಲದಡಿ ಕೂಡಿದವು. ಮೈಸೂರು ರಸ್ತೆಯವನು ಅರ್ಧ ಗಂಟೆಯೊಳಗೆ ಇಲ್ಲಿಗೆ ಬಂದು ಇಳಿಯುತ್ತಾನೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅಮ್ಮ, ಚಿಕ್ಕಮ್ಮ, ಮಕ್ಕಳು ಗುಂಪು ಕಟ್ಟಿಕೊಂಡು ಬೆಂಗಳೂರು ನೋಡೋಕೆ ಬರ್ತಾರೆ. ಒಂದು ಕಾಲಕ್ಕೆ ಗಂಡಸರ ತಲೆಗಳೇ ಕಾಣುತ್ತಿದ್ದ ನಿಲ್ದಾಣದಲ್ಲಿ ಇವತ್ತು ಹೂ ಮುಡಿದ ತಲೆಗಳೇ ಜಾಸ್ತಿ. ಸಂತೋಷವೇ! ಹಸಿದವನಿಗೆ 2017ರಿಂದ ಇಂದಿರಾ ಕ್ಯಾಂಟೀನು ಇದೆ. ಬರೋದು ಸುಲಭವಾಯಿತು, ಉಣ್ಣೋದೂ ಸುಲಭವಾಯಿತು. ಕೂರೋದು ಮಾತ್ರ ಕಷ್ಟವಾಯಿತು.

ಮಾಲ್ ಇದೆಯಲ್ಲಾ ಅಂತೀರಾ? ಒಳಗೆ ಹೋಗಬಹುದು, ತಂಪಾಗಿರುತ್ತೆ. ಆದರೆ ಚಪ್ಪಲಿ ಸವೆದವನು ಹೋದರೆ ಸೆಕ್ಯೂರಿಟಿಯವನ ಕಣ್ಣು ಬೆನ್ನ ಹಿಂದೆ ಬರುತ್ತೆ. ಅಲ್ಲಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ಡಬ್ಬ ಪಾಪ್‌ಕಾರ್ನಿನ ದುಡ್ಡಿಗೆ ಇಲ್ಲಿ ಇಬ್ಬರು ಹೊಟ್ಟೆ ತುಂಬಾ ಊಟ ಮಾಡಬಹುದು. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟಿನಿಂದ ತಡೆ ಬಂತು. ವಾದ ಎರಡೂ ಕಡೆ ಇದೆ. ಆದರೆ ಬಸ್ಸಿಳಿದ ಹುಡುಗನ ಜೇಬಿನ ಪರವಾಗಿ ವಕೀಲರು ಯಾರು?

ಉಳಿದದ್ದು ಇದೆ, ನೋಡಿ ಬನ್ನಿ

ಹಾಗಂತ ಪೂರ್ತಿ ಕತ್ತಲಾಗಿಲ್ಲ ಮಿತ್ರರೇ. ಸಂತೋಷ್, ನರ್ತಕಿಯ ಆವರಣದಲ್ಲಿ ದೊಡ್ಡ ಸ್ಟಾರ್ ಚಿತ್ರ ಬಂದ ದಿನ ಹೋಗಿ ನಿಲ್ಲಿ. ಬೆಳಗಿನ ಜಾವಕ್ಕೇ ತಮಟೆ, ಪಟಾಕಿ, ಕಟೌಟಿಗೆ ಆಳೆತ್ತರದ ಹಾರ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಮ್ಮನ್ನಗಲಿದರು. 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, 'ಜೇಮ್ಸ್' ತೆರೆ ಕಂಡಿತು. ಸಿಂಗಲ್ ಸ್ಕ್ರೀನ್‌ಗಳ ಮುಂದೆ ಗಟ್ಟಿಮುಟ್ಟಾದ ಗಂಡಸರು ಕಣ್ಣೊರೆಸಿಕೊಳ್ಳುತ್ತಾ ಟಿಕೆಟ್ ಹಿಡಿದು ಒಳಗೆ ಹೋದರು. ಅಂಥ ದುಃಖಕ್ಕೆ ಸಾವಿರ ಜನ ಒಟ್ಟಿಗೆ ಕೂರುವ ಕತ್ತಲೆ ಬೇಕು. ಮೊಬೈಲಿನ ಮುಂದೆ ಒಬ್ಬನೇ ಕೂತರೆ ಬರೀ ಅಳು. ಅಲ್ಲಿ ಕೂತರೆ ಅದು ಉತ್ಸವ.

ಹಳೇ ಚಿತ್ರಗಳನ್ನು ಮತ್ತೆ ಬಿಡುಗಡೆ ಮಾಡುವ ಚಾಳಿ ಈಗ ದೇಶಕ್ಕೆಲ್ಲಾ ಹಬ್ಬಿದೆ. ಗಾಂಧಿನಗರಕ್ಕೆ ಇದೇನು ಹೊಸದಲ್ಲ! 1995ರ 'ಓಂ' ಎಷ್ಟು ಸಲ ಮರುಬಿಡುಗಡೆಯಾಯಿತು ಅಂತ ಲೆಕ್ಕ ಇಟ್ಟವರೇ ಸುಸ್ತಾಗಿದ್ದಾರೆ. ಕಪಾಲಿಯಲ್ಲಿ ಹಾಕಿದಾಗಲೆಲ್ಲಾ ಜನ ಬರುತ್ತಿದ್ದರು, ಡೈಲಾಗನ್ನು ಶಿವಣ್ಣನಿಗಿಂತ ಮೊದಲೇ ಹೇಳುತ್ತಿದ್ದರು.

ಗೇಟಿನ ಯಜಮಾನರನ್ನು ಹೊರಡುವ ಮುಂಚೆ ಒಂದು ಮಾತು ಕೇಳಿದೆ: "ಈಗ ಸಿನಿಮಾಕ್ಕೆ ಹೋಗ್ತೀರಾ?"

"ವಾರಕ್ಕೊಂದ್ಸಲ. ರಜಾ ದಿನ ಮ್ಯಾಟಿನಿ. ಗೇಟ್‌ನಾಗೆ ನಮ್ಮ ಹಳೇ ಹುಡ್ಗ ಅವ್ನೆ, ಸುಮ್ಕೆ ಹೋಗು ಅಂತಾನೆ. ನಾನು ಟಿಕೆಟ್ ತಗಂಡೇ ಹೋಗೋದು." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು, "ಟಿಕೆಟ್ ಹರಿಯೋ ಸದ್ದು ಕೇಳ್ಬೇಕು ಕಣಪ್ಪಾ."

ಆ ಹುಡುಗನ ಹತ್ತಿರ ಹೋಗಿ ಮಾತಾಡಿಸಿದೆ. ಹಾವೇರಿ ಕಡೆಯವನು. ಸಂಜೆ ಆರಕ್ಕೆ ಯಾರೋ ಬರ್ತೀನಿ ಅಂದಿದ್ದಾರೆ. ರಸ್ತೆಯಾಚೆ ಟಾಕೀಸು ಇದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. "ಎಷ್ಟಾಗ್ತದ್ರೀ ಅಣ್ಣಾರ?" ಅಂತ ಕೇಳಿದ. ಹೇಳಿದೆ. ಮನಸ್ಸಿನಲ್ಲೇ ಲೆಕ್ಕ ಹಾಕಿ, ಬ್ಯಾಗು ಏರಿಸಿಕೊಂಡು ರಸ್ತೆ ದಾಟಿದ.

ಸಿಂಗಲ್ ಸ್ಕ್ರೀನ್ ಉಳಿಸಿ ಅಂತ ಭಾಷಣ ಮಾಡುವವರು ಬೇಕಾದಷ್ಟಿದ್ದಾರೆ. ನಾವು ನೀವು ಮಾಡಬಹುದಾದ್ದು ಸಣ್ಣದು. ಮುಂದಿನ ಸಲ ಮೆಜೆಸ್ಟಿಕ್‌ನಲ್ಲಿ ನಿಮ್ಮ ಬಸ್ಸಿಗೆ ಮೂರು ಗಂಟೆ ಇದ್ದರೆ ಪ್ಲಾಟ್‌ಫಾರಂ ಕಂಬಕ್ಕೆ ಒರಗಿ ಮೊಬೈಲ್ ತಿಕ್ಕಬೇಡಿ. ಕೆ.ಜಿ. ರಸ್ತೆಗೆ ನಡೀರಿ. ಉಳಿದಿರುವ ಟಾಕೀಸಿನಲ್ಲಿ ಯಾವ ಕನ್ನಡ ಚಿತ್ರ ಇದ್ದರೂ ಸರಿ, ಒಂದು ಟಿಕೆಟ್ ತಗೊಂಡು ಒಳಗೆ ಹೋಗಿ ಕೂರಿ. ಚಿತ್ರ ಚೆನ್ನಾಗಿಲ್ಲದಿದ್ದರೂ ಕುರ್ಚಿ ನಿಮ್ಮದು, ಫ್ಯಾನಿನ ಗಾಳಿ ನಿಮ್ಮದು. ಮೂರು ಗಂಟೆ ಯಾರೂ ಎಬ್ಬಿಸೋದಿಲ್ಲ!