ಬುಟ್ಟಿಯೊಳಗಿನ ಮುದುಕ

ಬಾಲಿಯ ತೊಪೆಂಗ್ ಎಂಬ ಮುಖವಾಡದ ಆಟದಲ್ಲಿ ರಾಜನಿಗೆ ಮಾತೇ ಇಲ್ಲ. ಬೆಳ್ಳನೆಯ ಮುಖ, ಮಾಸದ ಮುಗುಳ್ನಗೆ, ತಲೆಯ ಮೇಲೆ ಕಿರೀಟ, ಎಲ್ಲ ಇದೆ. ಮುಖವಾಡದ ತುಟಿ ಮಾತ್ರ ಮುಚ್ಚಿದ್ದು. ಮಂತ್ರಿಯ ಪಾಡೂ ಅದೇ. ಬಾಯಿರುವುದು ಪೆನಾಸರ್ ಎಂಬ ಸೇವಕನಿಗೆ. ಅವನ ಮುಖವಾಡ ಮೇಲ್ದುಟಿಗೇ ಮುಗಿಯುತ್ತದೆ, ಕೆಳದವಡೆ ಸ್ವಂತದ್ದು. ಹಳೆಯ ಕವಿ ಭಾಷೆಯಲ್ಲಿ ದೊರೆಯ ಹಿರಿಮೆ ಹಾಡುವವನೂ ಅವನೇ, ಅದನ್ನು ಊರವರ ಬಾಲಿ ಭಾಷೆಯಲ್ಲಿ ಬಿಡಿಸಿ ಹೇಳುವವನೂ ಅವನೇ. ನಡುವೆ ತನ್ನದೊಂದಿಷ್ಟು ಸೇರಿಸದೆ ಬಿಡುತ್ತಾನೆಯೇ? ಸಾಹೇಬರ ಭಾಷಣ ಬರೆದುಕೊಟ್ಟೇ ನಿವೃತ್ತನಾದ ನನಗೆ ಈ ಏರ್ಪಾಡು ಹೊಸದೆನಿಸಲಿಲ್ಲ.

ಅಲ್ಲಿನ ಬಹುತೇಕ ದೇವಸ್ಥಾನಗಳ ಉತ್ಸವ 210 ದಿನಕ್ಕೊಮ್ಮೆ ಬರುತ್ತದೆ. ಗಿಯಾನ್ಯಾರ್ ಕಡೆಯ ಹಳ್ಳಿಯೊಂದರಲ್ಲಿ ನಾನು ನೋಡಿದ್ದು ಪಜೆಗನ್, ಅಂದರೆ ಎಲ್ಲ ಪಾತ್ರವೂ ಒಬ್ಬನದೇ. ಒಂದು ಕಡೆ ಪುರೋಹಿತರ ಗಂಟೆ, ಇನ್ನೊಂದು ಕಡೆ ಗಮೆಲಾನ್ ವಾದ್ಯಮೇಳದ ಅಬ್ಬರ, ನಡುವೆ ನೈವೇದ್ಯ ಹೊತ್ತ ಹೆಂಗಸರ ಓಡಾಟ. ಆಟದ ಕಡೆ ಕಣ್ಣಿಟ್ಟವರು ನಾವು ಕೆಲವರೇ. ದೇವರು ನೋಡಿದರಾಯಿತು ಎಂಬ ನೆಮ್ಮದಿ ಕಲಾವಿದನಿಗೆ.

ಈ ಮುಖಗಳನ್ನು ಕೆತ್ತುವುದು ‘ಪುಲೆ’ ಮರದಲ್ಲಿ. ನಮ್ಮ ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಗೆ ಕಷಾಯ ಕುಡಿಸುತ್ತಾರಲ್ಲ, ಅದೇ ಪಾಲೆ ಮರ. ತೊಪೆಂಗಿನಲ್ಲಿ ಬೊಂದ್ರೆಸ್ ಎಂಬ ಕೋಡಂಗಿಗಳೂ ಇದ್ದಾರೆ, ಸೊಟ್ಟ ಬಾಯಿ, ಹರಕು ತುಟಿ. ಚಿಕ್ಕಂದಿನಲ್ಲಿ ಅಜ್ಜಿ ಲೋಟ ಹಿಡಿದು ನಿಂತಾಗಲೆಲ್ಲ ಆ ಮರ ನನ್ನ ಮುಖದಲ್ಲೂ ಒಂದು ಬೊಂದ್ರೆಸ್ ಕೆತ್ತುತ್ತಿತ್ತು.

ನನ್ನ ಮನಸ್ಸು ನಿಂತದ್ದು ತೊಪೆಂಗ್ ತುವಾನ ಮೇಲೆ. ನರೆಗೂದಲಿನ ಮುದುಕ. ಪರದೆ ಅಲುಗಿತು, ಸರಿಯಿತು. ಒಂದು ಕಾಲದ ವೀರನ ಗತ್ತಿನಲ್ಲೇ ಹೆಜ್ಜೆ ಎತ್ತಿದ. ಎತ್ತಿದ ಕಾಲು ಅರ್ಧದಲ್ಲೇ ಯೋಚನೆಗೆ ಬಿತ್ತು. ಬೆವರೊರೆಸಿಕೊಂಡ, ಸೊಂಟ ಹಿಡಿದುಕೊಂಡ, ಬಟ್ಟೆಯಿಂದ ಹೇನೊಂದನ್ನು ಹೆಕ್ಕಿ ಬೆಳಕಿಗೆ ಹಿಡಿದು ನೋಡಿದ. ಹುಡುಗರು ನಕ್ಕರು. ನಾನು ಮೊಣಕಾಲು ನೀವಿಕೊಂಡೆ. ಆಮೇಲೆ ಮುಖವಾಡ ತೆಗೆದಾಗ ನೋಡಿದರೆ ಮೂವತ್ತರ ಆಸುಪಾಸಿನ ಗಟ್ಟಿ ಆಳು! ಮುದುಕನನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿದ. ಸೊಂಟನೋವೂ ಜೊತೆಗೇ ಹೋಯಿತು. ಆ ಸೌಲಭ್ಯ ನನಗಿಲ್ಲ.

ಕೊನೆಗೆ ಬರುವವನು ಸಿದಕಾರ್ಯ. ಹಲ್ಲುಬ್ಬ. ಬೆಸಾಕಿ ದೇವಸ್ಥಾನದ ಮಹಾಪೂಜೆಗೆ ಕೊಳಕು ಬಟ್ಟೆಯಲ್ಲಿ ಬಂದ ಈ ಬ್ರಾಹ್ಮಣನನ್ನು ಹೊರದಬ್ಬಿದರಂತೆ. ಅವನ ಶಾಪದಿಂದ ಬೆಳೆ ಒಣಗಿ, ರಾಜನೇ ಕ್ಷಮೆ ಕೇಳಿ ಕರೆಸಿದ ಮೇಲೇ ಪೂಜೆ ಪೂರೈಸಿತೆಂದು ಕಥೆ. ಅಂದಿನಿಂದ ಅವನು ಬಾರದೆ ದೊಡ್ಡ ಪೂಜೆ ಮುಗಿಯುವಂತಿಲ್ಲ. 2015ರಲ್ಲಿ ಯುನೆಸ್ಕೊ ಬಾಲಿಯ ನೃತ್ಯಗಳನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅಲ್ಲಿಗೂ ನುಗ್ಗಿದ್ದಾನೆ.

ಅವನು ಅರಿಸಿನದಕ್ಕಿ ಎರಚುತ್ತ ಮಕ್ಕಳನ್ನು ಹಿಡಿಯಲು ಬರುತ್ತಾನೆ. ಕಿರುಚಿ ಓಡಿದವೇ ಕಾಸಿನಾಸೆಗೆ ತಿರುಗಿ ಬರುತ್ತವೆ. ಕೈಗೆಟುಕುವಷ್ಟು ಹತ್ತಿರದಲ್ಲೇ ನಿಂತಿದ್ದೆ ನಾನು. ನನ್ನತ್ತ ಹಲ್ಲು ತೋರಿಸಿ, ನನ್ನ ಬೆನ್ನ ಹಿಂದೆ ಅಡಗಿದ್ದ ಪೋರನನ್ನು ಎತ್ತಿಕೊಂಡು ಹೋದ. ಕಾಸು ಪೋರನಿಗೆ. ನನಗೆ ಸಿಕ್ಕಿದ್ದು ತಲೆಗೆ ಬಿದ್ದ ನಾಲ್ಕು ಕಾಳು ಅಕ್ಕಿ. ಹಿಡಿದುಕೊಳ್ಳಲು ಕೂದಲಿಲ್ಲದೆ ಅವೂ ಜಾರಿದವು.