ಹಣೆಯೂ ಪಹಣಿಯೂ

ನಾವು ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಕಡೆಯವರು. ರಾಗಿ ಹೊಲ ಇದ್ದ ಕಡೆ ಈಗ ಕಾರ್ಖಾನೆ ಶೆಡ್ಡುಗಳು ಎದ್ದಿವೆ. ನಮ್ಮ ಕೇರಿಯಲ್ಲಿ ಯಾರನ್ನೇ ಕೇಳಿ, 'ನಮ್ಗೆ ಅದೃಷ್ಟ ಇಲ್ಲ ಬಿಡಪ್ಪ' ಅಂತಾರೆ. ನಾವೂ ಇದೇ ಮಾತಾಡಿಕೊಂಡು ಬೆಳೆದವರು. ಬಿಚ್ಚಿ ನೋಡಿರಲಿಲ್ಲ, ಅಷ್ಟೆ.

ಅದೃಷ್ಟ ಅಂದರೆ ಕಾಣದ್ದು. ಮೀಮಾಂಸಕರು ಬಳಸಿದ ಮಾತು. ಯಜ್ಞ ಮಾಡಿದರೆ ಕಣ್ಣಿಗೆ ಕಾಣದ ಫಲವೊಂದು ಹುಟ್ಟಿ ಮುಂದೆಂದೋ ಕೈಸೇರುತ್ತದಂತೆ. ಆ ಯಜ್ಞದ ಹತ್ತಿರಕ್ಕೆ ನಮ್ಮನ್ನು ಬಿಟ್ಟವರು ಯಾರು ಸ್ವಾಮಿ? ಹೊಗೆಯನ್ನೂ ದೂರದಿಂದ ಕಂಡವರಿಗೆ ಫಲ ಎಲ್ಲಿಂದ ಬರಬೇಕು!

ಇನ್ನು ವ್ಯಾಕರಣ ನೋಡಿ. ಉಳ್ಳವರ ಮಾತು ಬಂದರೆ 'ಅವ್ರು ಪುಣ್ಯ ಮಾಡಿದ್ರು' ಅಂತೀವಿ. ಅಲ್ಲಿ ಅವರು ಕರ್ತೃ, ಮಾಡಿದವರು. ನಮ್ಮ ಮಾತು ಬಂದರೆ 'ನಮಗೆ' ಇಲ್ಲ. ಅದು ಚತುರ್ಥಿ, ಕೈಯೊಡ್ಡಿ ನಿಂತ ವಿಭಕ್ತಿ. ಹಸಿವೂ ನಮಗೆ ಆಗುತ್ತದೆ, ಚಳಿಯೂ ನಮಗೆ ಆಗುತ್ತದೆ. ಇಂಗ್ಲಿಷರ ಕೈಕೆಳಗೆ ನಲುಗಿದ ಐರ್ಲೆಂಡಿನವರ ಸ್ವಂತ ಭಾಷೆಯಲ್ಲಿ ಅದೃಷ್ಟಕ್ಕೆ 'ಆ' ಅನ್ನುತ್ತಾರೆ. ಅದು 'ನನ್ನ ಮೇಲಿದೆ' ಅನ್ನುವುದು ಅವರ ಕ್ರಮ. ಹಸಿವೂ ಅಷ್ಟೇ, 'ನನ್ನ ಮೇಲಿದೆ'. ಮೇಲೆ ಕೂರಿಸಿದವರು ಯಾರು ಅನ್ನೋದು ಅವರ ವಾಕ್ಯದಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ.

ಹಣೆಬರಹ ಇನ್ನೂ ಮೋಸದ ಪದ. 'ಹಣೇಲಿ ಬರ್ದಿಲ್ಲ' ಅಂದರೆ ಮುಗಿಯಿತು, ಬರೆದವನು ಮಾಯ. ತಾತನಿಗೆ ಮಂಜೂರಾಗಿದ್ದ ಎರಡು ಎಕರೆ ಹೋದದ್ದಕ್ಕೂ ನಮ್ಮಮ್ಮ ಹೇಳೋದು ಇದನ್ನೇ. ಆದರೆ ಆ ಬರಹವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಛಾಪಾ ಕಾಗದದ ಮೇಲಿತ್ತು. ಅತ್ತೆಯ ಮದುವೆಗೆ ತಂದ ಮುನ್ನೂರು ರೂಪಾಯಿ ಸಾಲ, ಕೆಳಗೆ ತಾತನ ಹೆಬ್ಬೆಟ್ಟು. ಬರೆದವರಿಗೆ ಕೈ ಇತ್ತು, ಶಾಯಿ ಇತ್ತು, ಅಕ್ಷರ ಇತ್ತು. ಆಮೇಲೆ ಪಹಣಿಯಲ್ಲಿ ಹೆಸರು ಬದಲಾಯಿತು. ಹಣೆ ಮಾತ್ರ ಹಾಗೇ ಇತ್ತು, ಬೆವರಿಕೊಂಡು.

ಸಂತೆಯಲ್ಲಿ ನಮ್ಮ ಮುಸ್ಲಿಂ ಗೆಳೆಯರು ನಸೀಬು ಅಂತಾರೆ. ಅರಬ್ಬಿಯಲ್ಲಿ ಅದರ ಮೂಲ ಅರ್ಥ ಪಾಲು. ಈ ಪದ ನಮಗೆ ಹಿಡಿಸಿತು. ಪಾಲಾದರೆ ಕೇಳಬಹುದು, ಜಗಳವಾಡಬಹುದು.

ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಬರೆಸಿಕೊಂಡಿದ್ದರೆ ಅದು ಅಸಿಂಧು, ಹಿಂದೆ ಆದದ್ದೂ ಅಸಿಂಧು ಅಂತ 1978ರ ಕಾಯಿದೆ ಹೇಳಿತು. 2017ರಲ್ಲಿ ಸುಪ್ರೀಂ ಕೋರ್ಟು, ತೀರಾ ತಡವಾಗಿ ಹಾಕಿದ ಅರ್ಜಿ ನಿಲ್ಲುವುದಿಲ್ಲ ಅಂದಿತು. ಊರವರಿಗೆ ಕಾಯಿದೆ ಇದೆ ಅಂತ ಗೊತ್ತಾಗುವುದೇ ತಡ, ಇನ್ನು ಅರ್ಜಿ ಬೇಗ ಹೇಗೆ ಬಂದೀತು? 2023ರಲ್ಲಿ ವಿಧಾನಮಂಡಲ ಕಾಲಮಿತಿ ಇಲ್ಲವೆಂದು ಕಾಯಿದೆಗೆ ತಿದ್ದುಪಡಿ ತಂದಿತು.

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬರ್ದಿದ್ದನ್ನ ತಿದ್ಬೋದಾ ಅಂಗಾರೆ?' ಅಂದಳು. ಈಗ ಟ್ರಂಕಿನ ತಳದಲ್ಲಿ ತಾತನ ಸಾಗುವಳಿ ಚೀಟಿ ಹುಡುಕಿ ತೆಗೆದಿದ್ದಾಳೆ. ಅರ್ಧ ಗೆದ್ದಲು ತಿಂದೈತೆ. ಸರ್ವೆ ನಂಬರು ಓದಲು ಬರುತ್ತದೆ.