ಟೈಲರ್ ಆಂಟಿಯ 500 ರೂಪಾಯಿ

ವಿಜಯನಗರದಲ್ಲಿ ನಮ್ಮ ಅಬ್ಬಾಗೆ ಹೊಲಿಗೆ ಸಾಮಾನಿನ ಚಿಕ್ಕ ಅಂಗಡಿ ಇದೆ. ದಾರ, ಗುಂಡಿ, ಫಾಲ್, ಲೈನಿಂಗ್ ಬಟ್ಟೆ. ಉದ್ರಿ ಲೆಕ್ಕ ಒಂದು ಉದ್ದ ಪುಸ್ತಕದಲ್ಲಿ ಇರುತ್ತಿತ್ತು. ಕಳೆದ ರಂಜಾನಿನಲ್ಲಿ ನಾನೇ ಅದನ್ನು ಕಂಪ್ಯೂಟರಿಗೆ ಹಾಕಿ, ಭಾಯಿ ಮೊಬೈಲಿನಲ್ಲೂ ನಾನು ಲ್ಯಾಪ್‌ಟಾಪಿನಲ್ಲೂ ಬರೆಯುವ ಹಾಗೆ ಮಾಡಿದೆ. ಮನೆಯಲ್ಲಿ ಎಲ್ಲರೂ ಹೊಗಳಿದರು.

ಹಬ್ಬದ ವಾರ ಬಸವೇಶ್ವರನಗರದ ಟೈಲರ್ ಆಂಟಿ ಬಂದರು. ಬಾಕಿ 1,200. ಅವರು 500 ಕೊಟ್ಟರು, ಭಾಯಿ 700 ಎಂದು ಬರೆದ. ಅದೇ ಹೊತ್ತಿಗೆ ನಾನೂ 1,200 ಅನ್ನೇ ಓದಿಕೊಂಡು, ಅವರು ಒಯ್ದ 300ರ ಸಾಮಾನು ಸೇರಿಸಿ 1,500 ಎಂದು ಬರೆದೆ. ನನ್ನದು ಉಳಿಯಿತು, ಅವರ 500 ಹೋಯಿತು. ಮುಂದಿನ ವಾರ ನಾನೇ 1,500 ಕೇಳಿದೆ.

"ನಾನು ಕೊಟ್ಟೇ ಇಲ್ಲ ಅಂತೀಯಾ ಪುಟ್ಟಾ?"

ಸಿ.ಎಸ್. ಮೇಡಂಗೆ ಹೇಳಿದೆ. ಒಂದು ದಾರಿ ಬೀಗ: ಒಬ್ಬರು ಬರೆಯುವಾಗ ಉಳಿದವರು ಕಾಯಬೇಕು. ಆದರೆ ಬೀಗ ಹಾಕಿದವನ ಫೋನ್ ಆಫ್ ಆದರೆ? ಇನ್ನೊಂದು ದಾರಿ, 'ನಾನು ಓದಿದ ಅಂಕಿ ಈಗಲೂ ಅದೇ ಇದ್ದರೆ ಮಾತ್ರ ಬದಲಿಸು, ಇಲ್ಲದಿದ್ದರೆ ಮತ್ತೆ ಓದು.' ಪ್ರೊಸೆಸರ್ ಇದನ್ನು ಒಂದೇ ಏಟಿಗೆ ಮಾಡುತ್ತದೆ. ಹೆಸರು ಕಂಪೇರ್ ಅಂಡ್ ಸ್ವಾಪ್.

ಹೆಸರುಗಳು ಅಕ್ಷರ ಕ್ರಮದಲ್ಲಿ ಸರಪಳಿಯಾಗಿದ್ದರೆ ಮಾತ್ರ ಇಷ್ಟು ಸಾಲದು. ರುಕ್ಮಿಣಿ, ಸಲ್ಮಾ, ಸುಜಾತಾ ಎಂದಿದೆ ಅಂದುಕೊಳ್ಳಿ. ನಾನು ಸಲ್ಮಾಳನ್ನು ತೆಗೆದು ರುಕ್ಮಿಣಿಯನ್ನು ಸುಜಾತಾಗೆ ಜೋಡಿಸುತ್ತೇನೆ. ಅಷ್ಟರಲ್ಲಿ ಭಾಯಿ ಸಲ್ಮಾಳ ಹಿಂದೆ ಸವಿತಾಳನ್ನು ಸೇರಿಸುತ್ತಾನೆ. ಸಲ್ಮಾ ಜೊತೆ ಸವಿತಾಳೂ ಹೋದಳು! 2001ರಲ್ಲಿ ಟಿಮೊಥಿ ಹ್ಯಾರಿಸ್ ಕೊಟ್ಟ ಉಪಾಯ: ತೆಗೆಯುವವಳ ಕೊಂಡಿಗೆ ಮೊದಲು ಗುರುತು ಹಾಕು, ಆಮೇಲೆ ಬಿಚ್ಚು. ಗುರುತು ಕಂಡವನು ಅಲ್ಲಿ ಸೇರಿಸದೆ ಮತ್ತೆ ಹುಡುಕುತ್ತಾನೆ. ಅಕೌಂಟೆನ್ಸಿ ಸರ್ ಅಂಕಿ ಉಜ್ಜಬೇಡಿ, ಗೆರೆ ಎಳೆಯಿರಿ ಅನ್ನುವುದು ನೆನಪಾಯಿತು.

ಪಟ್ಟಿ ಉದ್ದವಾದರೆ ವಿಲಿಯಂ ಪ್ಯೂ 1990ರಲ್ಲಿ ಪ್ರಕಟಿಸಿದ ಸ್ಕಿಪ್ ಲಿಸ್ಟ್ ಇದೆ. ಕೆಂಗೇರಿಯಿಂದ ಸ್ವಲ್ಪ ದೂರ ಮೆಟ್ರೊದಲ್ಲಿ ಬಂದು, ಇಳಿದು ಬಸ್ಸು ಹಿಡಿದ ಹಾಗೆ. ಯಾವ ಹೆಸರು ಮೇಲಿನ ಸಾಲಿಗೆ ಎಂಬುದನ್ನು ನಾಣ್ಯ ಚಿಮ್ಮಿದಂತೆ ಅದೃಷ್ಟಕ್ಕೆ ಬಿಡುತ್ತಾರೆ. ನನಗಂತೂ ನಂಬಲಾಗಲಿಲ್ಲ. 2006ರ ಜಾವಾ 6ರಲ್ಲಿ ಬೀಗವಿಲ್ಲದ ಇಂಥ ಪಟ್ಟಿ ಸಿದ್ಧವಾಗಿಯೇ ಬಂದಿತು.

ನಮ್ಮ ಅಂಗಡಿಗೆ ಅಷ್ಟೆಲ್ಲ ಬೇಕಿಲ್ಲ. ಓದಿದ ಅಂಕಿ ಬದಲಾಗಿದೆಯೇ ಎಂದು ನೋಡಿಯೇ ಬರೆಯುವ ಹಾಗೆ ಮಾಡಿದೆ. ಆಂಟಿಯ ಮನೆಗೆ ಹೋಗಿ, ಬಾಕಿ 1,000 ಅಷ್ಟೇ, ತಪ್ಪು ನನ್ನದು ಎಂದೆ. ಟೀ ಕೊಟ್ಟರು. ಆದರೆ ಈಗಲೂ ಹಣ ಕೊಟ್ಟಾಗ, ಅಬ್ಬಾ ಕೈಯಲ್ಲಿ ಹಳೆಯ ಪುಸ್ತಕದಲ್ಲಿ ಬರೆಸಿಯೇ ಹೋಗುತ್ತಾರೆ.